ಮೂತಿ ಎತ್ತಿದ ಸಾರೋಟು

ಬಳ್ಳಾರಿ ಬ್ರೂಸ್‌ಪೇಟೆಯ ಕುಲುಮೆಗೆ ಕಳಶಪ್ರಾಯರೂ, ಕಬ್ಬಿಣಕ್ಕೂ ಅಹಂಕಾರ ಕಲಿಸಬಲ್ಲವರೂ ಆದ ಮಾನ್ಯ ಹೊನ್ನೂರಪ್ಪನವರ ಸನ್ನಿಧಿಗೆ, ಅದೇ ಪೇಟೆಯ ಅರಳೆ ವ್ಯಾಪಾರಿ ಉಜ್ಜಿನಪ್ಪ ಸೊಂಟ ಹಿಡಿದುಕೊಂಡೇ ಮಾಡುವ ಶರಣಾರ್ಥಿಗಳು. ತಮ್ಮ ಕೀರ್ತಿ ನಾಲ್ಕು ಜನಕ್ಕೆ ತಿಳಿಯಲೆಂದು ಇದನ್ನು ಚಾವಡಿಯ ಗೋಡೆಗೂ ಅಂಟಿಸಿದ್ದೇನೆ.

ಮಾನ್ಯರೇ, ದಂಡಿನ ದೊರೆಯೊಬ್ಬರು ಊರು ಬಿಡುವಾಗ ನಾನು ಕೊಂಡ ಹಳೆಯ ಸಾರೋಟು ಮುಂದಕ್ಕೆ ಕುಸಿದು ಮುದಿ ಎತ್ತಿನಂತೆ ನೆಲ ಮೂಸುತ್ತಿತ್ತು. ತಾವು ಅದರ ಭಾರ ಹೊರುವ ಮುಂದಿನ ಕಮಾನುಗಳನ್ನು ಬಿಚ್ಚಿ, ಹೊಸ ಉಕ್ಕಿನ ಪಟ್ಟಿ ಕೂಡಿಸಿ ಮರಳಿಸಿದಿರಿ. ಮುಂಭಾಗ ಹಿಂಭಾಗಕ್ಕಿಂತ ಒಂದು ಮೊಳ ಮೇಲೆದ್ದಿರುವುದನ್ನು ನಾನು ವಿನಯದಿಂದ ತೋರಿಸಿದಾಗ, "ಹೊಸಾ ಕಮಾನಲ್ರೀ, ನಾಕ್ ದಿನಾ ಓಡಿದ್ರ ತಾನ ಕುಂದ್ರತೈತಿ" ಎಂದು ಅಭಯವಿತ್ತಿರಿ.

ಆ ಅಭಯವನ್ನು ನಂಬಿ, ಮಗಳಿಗೆ ನೋಡಿದ್ದ ವರನ ಮನೆ ಕಾಣಲು ಹೆಂಡತಿ ಚನ್ನವೀರಮ್ಮನೊಡನೆ ಕುರುಗೋಡಿಗೆ ಹೊರಟೆ. ದಾರಿಯುದ್ದಕ್ಕೂ ನಮಗೆ ಕಂಡದ್ದು ಮುಗಿಲೊಂದೇ. ಹದ್ದುಗಳ ಪರಿಚಯ ಚೆನ್ನಾಗಿ ಆಯಿತು. ಊರ ಅಗಸೆ ಬಾಗಿಲಲ್ಲಿ ವರನ ತಂದೆ ಕೊಟ್ಟೂರಪ್ಪನವರು ಹಿರಿಯರೊಡನೆ ಕೈಮುಗಿದು ನಿಂತಿದ್ದರಂತೆ. ನಾವು ಗದ್ದ ಮೇಲೆತ್ತಿಕೊಂಡು, ಅವರನ್ನು ಕಾಣದೆಯೇ, ಅವರ ಮುಂದೆಯೇ ಸಾಗಿಹೋದೆವು. ನಾವು ಮನೆ ಮುಟ್ಟುವ ಮೊದಲೇ ಬಳ್ಳಾರಿಯವರ ಸೊಕ್ಕಿನ ಸುದ್ದಿ ಅಲ್ಲಿಗೆ ಮುಟ್ಟಿತ್ತು. ನೀರು ಕೊಟ್ಟರು, ಚಾಪೆ ಹಾಸಲಿಲ್ಲ. ಇಂಥವರ ಹೆಣ್ಣು ತಂದರೆ ನಮ್ಮ ಮನೆಯ ತೊಲೆಗೆ ತಲೆ ತಾಗೀತೆಂದು ಕೊಟ್ಟೂರಪ್ಪನವರು ಗೋಡೆಯ ಕಡೆ ನೋಡಿ ನುಡಿದರು. ಈ ಸಂಬಂಧ ಕೂಡಲೆಂದು ಸೋಮವಾರದ ಉಪವಾಸ ಹಿಡಿದಿದ್ದ ಚನ್ನವೀರಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡಳು.

ಸೊಕ್ಕು ನಮ್ಮದಲ್ಲ, ಕಮಾನಿನದು ಎಂದರೆ ಯಾರೂ ನಂಬಲಿಲ್ಲ. ಒಮ್ಮೆ ಅವರೇ ಕೂತು ನೋಡಬೇಕೆಂದು ಬೇಡಿಕೊಂಡೆ. ವರನ ಅಜ್ಜಿ ದೊಡ್ಡಬಸಮ್ಮನವರು, ಸಾರೋಟು ಹತ್ತುವ ಆಸೆಯಿಂದಲೋ ಏನೋ, ಮಗ ಕೊಟ್ಟೂರಪ್ಪನವರನ್ನು ಎಳೆದುಕೊಂಡು ಬಂದು ನಮ್ಮೆದುರಿನ, ಮೇಲೆದ್ದ ಮುಂಭಾಗದ ಪೀಠದಲ್ಲಿ ಕೂತರು. ಕುದುರೆ ಹೆಜ್ಜೆಯಿಟ್ಟದ್ದೇ ತಡ, ತಮ್ಮ ಕೈಚಳಕದ ಇಳಿಜಾರಿನಲ್ಲಿ ಜಾರಿ ಅಜ್ಜಿ ಚನ್ನವೀರಮ್ಮನ ತೊಡೆಗೂ, ಕೊಟ್ಟೂರಪ್ಪನವರು ನನ್ನ ತೊಡೆಗೂ ಬಂದು ಬಿದ್ದರು. ಏಳುವುದು ಯಾರಿಂದಲೂ ಆಗಲಿಲ್ಲ. ಅಗಸೆಯವರೆಗೆ ಹಾಗೆಯೇ ಹೋಗಿ ಹಾಗೆಯೇ ಬಂದೆವು. ಕೊನೆಗೆ ಅಜ್ಜಿ, ಕೂತಲ್ಲಿಂದಲೇ, "ಕೊಟ್ಟೂರಾ, ತೊಡಿ ಮ್ಯಾಲ ಕುಂತ ಮ್ಯಾಲ ಬೀಗರಲ್ಲ ಅನ್ನಾಕ ಬರಂಗಿಲ್ಲೋ. ಎಲಿ ಅಡಿಕಿ ತರಸು" ಎಂದರು. ಸಂಬಂಧ ಕೂಡಿತು.

ಹೀಗೆ ಮಾನ್ಯರೇ, ಕೆಟ್ಟದ್ದೂ ತಮ್ಮಿಂದ, ಕೂಡಿದ್ದೂ ತಮ್ಮಿಂದ. ಆದಕಾರಣ ಕಮಾನು ಇಳಿಸಿಕೊಡಿ ಎನ್ನುವ ಕೃತಘ್ನ ನಾನಲ್ಲ. ಕುರುಗೋಡಿಗೆ ಹೋಗುವ ರಸ್ತೆಯನ್ನು ಪೂರ್ತಿ ಇಳಿಜಾರಾಗಿಯೂ, ಅಲ್ಲಿಂದ ಬರುವಾಗ ಅದೇ ರಸ್ತೆಯನ್ನು ಮತ್ತೆ ಇಳಿಜಾರಾಗಿಯೂ ಬಡಿದುಕೊಟ್ಟರೆ ಸಾಕು. ಅದು ಕಷ್ಟವೆನಿಸಿದರೆ ನನ್ನ ಕತ್ತನ್ನು ಕುಲುಮೆಯಲ್ಲಿ ಕಾಯಿಸಿ ತುಸು ಮುಂದಕ್ಕೆ ಬಾಗಿಸಿಕೊಡಬೇಕು; ಅದೂ ನಾಲ್ಕು ದಿನ ಓಡಾಡಿದರೆ ತಾನಾಗಿ ಕೂರುವುದೆಂದು ನನಗೆ ಭರವಸೆಯಿದೆ.

ಇನ್ನೂ ಮುಗಿಲನ್ನೇ ನೋಡುತ್ತಿರುವ,
ತಮ್ಮ ವಿಶ್ವಾಸಿ,
ಉಜ್ಜಿನಪ್ಪ

ತಾ.ಕ.: ಮದುವೆ ಕುರುಗೋಡಿನಲ್ಲಿ. ಸಿರುಗುಪ್ಪದ ಸಣ್ಣಕ್ಕಿ ಅನ್ನ, ಹೋಳಿಗೆ, ಸಾಕೆಂದರೂ ಬಿಡದೆ ಸುರಿಯುವ ತುಪ್ಪ. ತಾವು ಹೊಟ್ಟೆ ಬಿರಿಯೆ ಉಣ್ಣಬೇಕು. ಉಂಡು ಕೈತೊಳೆದ ಕೂಡಲೇ ತಮ್ಮನ್ನು ಬಳ್ಳಾರಿಗೆ ಮುಟ್ಟಿಸಲು ಸಾರೋಟು ಬಾಗಿಲಲ್ಲೇ ನಿಂತಿರುತ್ತದೆ. ತಮ್ಮೆದುರು ಕೂರಲು ದೊಡ್ಡಬಸಮ್ಮನವರು ಒಪ್ಪಿದ್ದಾರೆ.