ಸಭೆ ಮುಂದೂಡುವ ಯೋಗ್ಯತೆ ಉಳ್ಳವರು

ಊರಿನಲ್ಲಿ ಯಾರಾದರೂ ತೀರಿಕೊಂಡರೆಂದು ಕೇಳಿದರೆ ಸಜ್ಜನರಿಗೆ ದುಃಖವಾಗುತ್ತದೆ. ಸಾಧಾರಣ ಜನರಿಗೆ ಕುತೂಹಲವಾಗುತ್ತದೆ: ವಯಸ್ಸೆಷ್ಟಾಗಿತ್ತು, ಏನಾಗಿತ್ತು, ಮಣ್ಣು ಎಷ್ಟು ಹೊತ್ತಿಗೆ. ನನಗೆ ಮಾತ್ರ ಕಳೆದ ಆರು ತಿಂಗಳಿಂದ ಸಿಟ್ಟು ಬರುತ್ತಿದೆ. ಇನ್ನೆರಡು ದಿನ ತಡೆಯಲು ಇವರಿಗೇನಾಗಿತ್ತು ಎಂಬ ಮಾತು ನಾಲಗೆಯ ತುದಿಗೆ ಬಂದು ನಿಲ್ಲುತ್ತದೆ. ನಾನು ಹುಟ್ಟಿನಿಂದಲೇ ಇಷ್ಟು ಕೆಟ್ಟವನಲ್ಲ. ಇರುವೆ ಸಾಲು ಕಂಡರೆ ದಾಟಿ ಹೋಗುತ್ತಿದ್ದವನು ನಾನು. ನನ್ನನ್ನು ಹೀಗೆ ಮಾಡಿದ್ದು ನಮ್ಮ ಮನೆಯ ಮುಂದಿನ ಗಟಾರ, ಮತ್ತು ಆ ಗಟಾರವನ್ನು ಮುಚ್ಚಿಸಬೇಕಾದ ನಮ್ಮೂರ ನಗರಪಾಲಿಕೆ.

ತಿಕೋಂಡಿ ಕಡೆಯ ಕನ್ನಡ ಶಾಲೆಯೊಂದರಲ್ಲಿ ಹೆಡ್‌ಮಾಸ್ತರನಾಗಿ ನಿವೃತ್ತನಾದ ಮೇಲೆ ಪೇಟೆಯಲ್ಲಿ ಮನೆ ಕಟ್ಟಿಕೊಂಡು ಇದ್ದೇನೆ. ಗಡಿಯಾಚೆ ಮರಾಠಿ ರಾಜ್ಯಕ್ಕೆ ಸೇರಿದ ನಮ್ಮ ಜತ್ತ ತಾಲೂಕಿನವರ ಬದುಕು ಎರಡು ಭಾಷೆಗಳಲ್ಲಿ ನಡೆಯುತ್ತದೆ. ಸಂತೆ, ಜಗಳ, ದೇವರ ಪೂಜೆ ಕನ್ನಡದಲ್ಲಿ. ಅರ್ಜಿ, ಕೋರ್ಟು, ಪಗಾರ ಮರಾಠಿಯಲ್ಲಿ. ನಗರಪಾಲಿಕೆಯ ಸಭೆಯಲ್ಲಿ ಇವೆರಡೂ ಕೂಡುತ್ತವೆ. ಸದಸ್ಯರು ಪರಸ್ಪರರ ಮೂರು ತಲೆಮಾರನ್ನು ಕನ್ನಡದಲ್ಲಿ ವಿಚಾರಿಸಿಕೊಳ್ಳುತ್ತಾರೆ, ಗುಮಾಸ್ತರು ಅದನ್ನು 'ಸವಿಸ್ತರ ಚರ್ಚೆ ನಡೆಯಿತು' ಎಂದು ಮರಾಠಿಯಲ್ಲಿ ಬರೆದುಕೊಳ್ಳುತ್ತಾರೆ. ನಾನು ಮೂವತ್ತು ವರ್ಷ ನಾಗರಿಕಶಾಸ್ತ್ರ ಕಲಿಸಿದವನು. 'ನಗರಪಾಲಿಕೆಯ ಕರ್ತವ್ಯಗಳು ಯಾವುವು' ಎಂಬ ಪ್ರಶ್ನೆಯನ್ನು ಪ್ರತಿ ಪರೀಕ್ಷೆಯಲ್ಲೂ ಕೇಳುತ್ತಿದ್ದೆ. ಒಮ್ಮೆ ಒಬ್ಬ ಹುಡುಗ ಆ ಪ್ರಶ್ನೆಯ ಮುಂದೆ 'ಗೊತ್ತಿಲ್ಲ' ಎಂದಷ್ಟೇ ಬರೆದಿದ್ದ. ಅವನಿಗೆ ಎರಡು ಏಟು ಕೊಟ್ಟಿದ್ದೆ. ಆ ಹುಡುಗ ಬೀರಪ್ಪ ಈಗ ನಮ್ಮ ವಾರ್ಡಿನಿಂದ ಆರಿಸಿಬಂದ ನಗರಸೇವಕ. ಅವನು ಅಂದೇ ನಿಜ ಬರೆದಿದ್ದನೆಂದು ನನಗೆ ತಡವಾಗಿ ತಿಳಿಯಿತು.

ಇಟ್ಟಂಗಿ ತುಂಬಿದ ಟ್ರ್ಯಾಕ್ಟರೊಂದು ಹಿಂದಕ್ಕೆ ಬರುವಾಗ ನಮ್ಮ ಬಾಗಿಲ ಮುಂದಿನ ಗಟಾರದ ಹಾಸುಗಲ್ಲು ಒಡೆದು ಎರಡು ಹೋಳಾಗಿ ಒಳಗೆ ಬಿತ್ತು. ಒಂದು ಫರಸಿಕಲ್ಲು ತಂದು ಹಾಕಿಸಿರೆಂದು ನಮ್ಮ ಮನೆಯಾಕೆ ಶಾಂತವ್ವ ಅಂದೇ ಹೇಳಿದಳು. ನಾನು ಒಪ್ಪಲಿಲ್ಲ. ಗಟಾರ ನಗರಪಾಲಿಕೆಯ ಕರ್ತವ್ಯ, ನಾವೇ ಮುಚ್ಚಿಕೊಂಡರೆ ಅವರಿಗೆ ಕರ್ತವ್ಯಪ್ರಜ್ಞೆ ಬರುವುದು ಯಾವಾಗ ಎಂದು ನಿಂತಲ್ಲೇ ಅರ್ಧ ಪಾಠ ಮಾಡಿದೆ. ಬೀರಪ್ಪನೂ ಬಂದು ನನ್ನ ಮಾತನ್ನೇ ಎತ್ತಿಹಿಡಿದ. ಸ್ವಂತ ಫರಸಿ ಹಾಕಿದರೆ ಅದು ಅತಿಕ್ರಮಣವಾಗುತ್ತದೆ, ಹಿಂದಿನ ಓಣಿಯವರು ಹಾಕಿದ ಫರಸಿಯ ಜೊತೆಗೆ ಅವರ ಕಟ್ಟೆಯನ್ನೂ ಜೇಸಿಬಿ ಎತ್ತಿಕೊಂಡು ಹೋಗಿದೆ, ಅರ್ಜಿ ಕೊಟ್ಟರೆ ಮುಂದಿನ ಸಭೆಯಲ್ಲಿ ಠರಾವು ಮಾಡಿಸುತ್ತೇನೆ ಎಂದ. ನಾನು ಮುತ್ತಿನಂಥ ಅಕ್ಷರದಲ್ಲಿ ಅರ್ಜಿ ಬರೆದೆ. ವಿಷಯಪತ್ರಿಕೆಯಲ್ಲಿ ನಮ್ಮ ಗಟಾರ ಏಳನೆಯ ವಿಷಯವಾಗಿ ಅಚ್ಚಾಯಿತು. ಅದನ್ನು ಶಾಂತವ್ವನಿಗೆ ತೋರಿಸಿದೆ. ಅವಳು ಅದನ್ನು ಮಡಚಿ ಕುಕ್ಕರಿನ ಕೆಳಗೆ ಇಟ್ಟಳು.

ಅಷ್ಟರಲ್ಲಿ ಒಂದು ಹಬ್ಬ ಬಂತು. ಎದುರು ಮನೆಗೆ ಹೋಳಿಗೆ ಕೊಡಲು ತಾಟು ಹಿಡಿದು ಹೊರಟ ಶಾಂತವ್ವನ ಎಡಗಾಲು ಮೊಣಕಾಲಿನ ತನಕ ಗಟಾರಕ್ಕೆ ಇಳಿಯಿತು. ಕಾಲಿಗೆ ಏನೂ ಆಗಲಿಲ್ಲ. ಹೋಳಿಗೆ ಮಾತ್ರ ಓಣಿಯುದ್ದಕ್ಕೂ ಮೆರವಣಿಗೆ ಹೊರಟವು. ನಾನು ನಗಬಾರದಿತ್ತು. ಕಾಲು ತೊಳೆದುಕೊಂಡವಳೇ ಚೀಲ ತುಂಬಿದಳು, ಹಿತ್ತಿಲ ಬಾಗಿಲಿನಿಂದ ಹೊರಬಿದ್ದಳು.

"ನಿಮ್ಮ ನಾಗರಿಕಶಾಸ್ತ್ರ ಕುದಿಸಿಕೊಂಡು ಉಣ್ರಿ," ಎಂದಳು. "ಗಟಾರ ಮುಚ್ಚಿದ ದಿನ ಫೋನ್ ಮಾಡ್ರಿ, ಬರತೀನಿ."

ಸೀಟು ತುಂಬಿಸಿಕೊಂಡು ಹೋಗುವ ವಡಾಪ್ ಜೀಪು ಹತ್ತಿ ತವರುಮನೆ ಬೆಳುಂಕಿಗೆ ಹೋದಳು. ಮೊದಲ ಎರಡು ದಿನ ನನಗೆ ಹಾಯೆನಿಸಿತು. ಮೂರನೆಯ ದಿನ ನಾನು ಮಾಡಿದ ಉಪ್ಪಿಟ್ಟನ್ನು ಓಣಿಯ ನಾಯಿ ಮೂಸಿ ನೋಡಿ ನನ್ನ ಮುಖವನ್ನೂ ನೋಡಿ ಹೋಯಿತು. ಒಂದು ವಾರ ಕಳೆಯುವುದರೊಳಗೆ ಮನೆ ಮನೆಯಂತಿರಲಿಲ್ಲ. ಇಷ್ಟು ವರ್ಷ ಯಾರ ಮೇಲೆ ರೇಗಿಕೊಂಡು ಸುಖವಾಗಿದ್ದೆನೆಂಬುದು ಆಗ ಗೊತ್ತಾಯಿತು. ಅವಳು ಬರಬೇಕಾದರೆ ಗಟಾರ ಮುಚ್ಚಬೇಕು, ಗಟಾರ ಮುಚ್ಚಬೇಕಾದರೆ ಏಳನೆಯ ವಿಷಯ ಪಾಸಾಗಬೇಕು.

ಸಭೆಯ ದಿನ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಹಿಂದಿನ ಬಾಕಿನ ಮೇಲೆ ಹೋಗಿ ಕುಳಿತೆ. ನಮ್ಮಲ್ಲಿ ಸಭೆ ಆರಂಭವಾಗುವುದು ಶೋಕ ಪ್ರಸ್ತಾವದಿಂದ. ಇತ್ತೀಚೆಗೆ ತೀರಿಕೊಂಡ ಗಣ್ಯರ ಹೆಸರು ಓದುತ್ತಾರೆ, ಎಲ್ಲರೂ ಎರಡು ನಿಮಿಷ ಎದ್ದು ನಿಲ್ಲುತ್ತಾರೆ, ಆಮೇಲೆ ಮೃತರ ಗೌರವಾರ್ಥ ಸಭೆಯನ್ನು ತಹಕೂಬ ಮಾಡುತ್ತಾರೆ, ಎಂದರೆ ಮುಂದಿನ ತಿಂಗಳಿಗೆ ಹಾಕುತ್ತಾರೆ. ಅಂದು ಒಬ್ಬ ಮಾಜಿ ಸದಸ್ಯರು ಹೋಗಿದ್ದರು. ನ್ಯಾಯವೇ ಎಂದು ಎದ್ದು ಬಂದೆ. ಮರುತಿಂಗಳು ಒಬ್ಬ ಸದಸ್ಯರ ಬೀಗರ ಅಣ್ಣ. ಅದರ ಮರುತಿಂಗಳು ಯಾವುದೋ ದೂರದ ರಾಜ್ಯದ ಮಾಜಿ ರಾಜ್ಯಪಾಲರು. ಅವರ ಹೆಸರನ್ನು ಓದುವಾಗ ಅಧ್ಯಕ್ಷರು ಮೂರು ಕಡೆ ಎಡವಿದರು, ಆದರೂ ಕಣ್ಣು ಒರೆಸಿಕೊಂಡರು. ನಾಲ್ಕನೆಯ ತಿಂಗಳು ಯಾರೂ ಸತ್ತಿರಲಿಲ್ಲ. ನನ್ನ ಎದೆ ಹಿಗ್ಗಿತು. ಆಗ ವಳಸಂಗದ ಕಡೆಯ ಒಬ್ಬ ಸದಸ್ಯ ಎದ್ದು, ಗಾಡಿ ಓಟದ ಶರ್ಯತ್ತಿನಲ್ಲಿ ನಾಲ್ಕು ಸಲ ಮೊದಲು ಬಂದ ತಮ್ಮ ಪರಿಚಯದವರ ಎತ್ತು ಮೊನ್ನೆ ಪ್ರಾಣ ಬಿಟ್ಟಿದೆ, ತಾಲೂಕಿನ ಕೀರ್ತಿ ಹೆಚ್ಚಿಸಿದ ಜೀವ ಎಂದ. ಎಲ್ಲರೂ ಎದ್ದು ನಿಂತರು. ನಾನೂ ನಿಂತೆ. ಎತ್ತಿನ ಬಗ್ಗೆ ನನಗೆ ಗೌರವವಿದೆ, ಅದು ಕೆಲಸ ಮಾಡಿ ಸತ್ತಿತ್ತು. ಆದರೆ ಮೌನ ಮುಗಿದದ್ದೇ ತಡ ಇಪ್ಪತ್ತು ಪ್ಲೇಟು ಬಿಸಿ ಭಜಿ, ಚಹಾ ಒಳಗೆ ಬಂದವು. ಎತ್ತು ಸತ್ತ ಸುದ್ದಿ ಸಭೆಗಿಂತ ಮೊದಲು ಹೋಟೆಲಿಗೆ ಗೊತ್ತಿತ್ತು.

ಅಂದು ಮನೆಗೆ ಬಂದು ಒಂದು ಹಾಳೆ ತೆಗೆದುಕೊಂಡು ಪಟ್ಟಿ ಮಾಡಿದೆ. ರಾಜ್ಯಪಾಲರು, ಎತ್ತುಗಳು ನನ್ನ ಕೈಮೀರಿದವು. ಊರೊಳಗಿನವರನ್ನಾದರೂ ನೋಡಿಕೊಳ್ಳಬಹುದಲ್ಲ? ತಲೆಬರಹ ಹೀಗಿತ್ತು: 'ಸಭೆ ಮುಂದೂಡುವ ಯೋಗ್ಯತೆ ಉಳ್ಳವರು, ಪ್ರಕೃತಿ ಸರಿ ಇಲ್ಲದವರು.' ಏಳು ಹೆಸರು ಬಂದವು. ಮರುದಿನದಿಂದ ನಾನು ಬೆಳಗಿನ ವಾಯುವಿಹಾರದ ನೆಪದಲ್ಲಿ ಏಳೂ ಮನೆಗಳಿಗೆ ಹೋಗಿ ಕ್ಷೇಮ ವಿಚಾರಿಸತೊಡಗಿದೆ. ಒಬ್ಬರಿಗೆ ಬೀಡಿ ಬಿಡಿಸಿದೆ. ಇನ್ನೊಬ್ಬರಿಗೆ ಸಕ್ಕರೆ ಕಾಯಿಲೆಯ ಗುಳಿಗೆಯನ್ನು ನನ್ನ ಕಣ್ಣೆದುರೇ ನುಂಗಿಸಿದೆ. ಅವರ ಮಕ್ಕಳು ನನ್ನ ಕೈಹಿಡಿದು, ಈ ಕಾಲದಲ್ಲಿ ಇಂಥವರು ಎಲ್ಲಿ ಸಿಗುತ್ತಾರೆ ಎಂದರು. ನಾನು ತಲೆ ತಗ್ಗಿಸಿದೆ. ಅದನ್ನು ಅವರು ವಿನಯವೆಂದುಕೊಂಡರು.

ಪಟ್ಟಿಯಲ್ಲಿ ಮೊದಲ ಹೆಸರು ಗುರುಪಾದಣ್ಣನದು. ತೊಂಬತ್ತು ದಾಟಿದ ಜೀವ, ದೊಡ್ಡ ಆಡತಿ ವ್ಯಾಪಾರದ ಮನೆತನ, ನಮ್ಮೂರು ಇನ್ನೂ ಗ್ರಾಮಪಂಚಾಯತಿಯಾಗಿದ್ದಾಗ ಸರಪಂಚರಾಗಿದ್ದವರು. ಹಾಸಿಗೆ ಹಿಡಿದಿದ್ದರು. ಅವರೊಬ್ಬರು ಹೋದರೆ ಒಂದು ಸಭೆಯಲ್ಲ, ಎರಡು ಸಭೆ ಮುಳುಗುವ ಭಯವಿತ್ತು. ನಾನು ದಿನಾಲೂ ದಾಳಿಂಬೆ ಒಯ್ದು ಕಾಳು ಬಿಡಿಸಿ ಬಾಯಿಗೆ ಹಾಕುತ್ತಿದ್ದೆ. ನಾಡಿ ಹಿಡಿಯುತ್ತಿದ್ದೆ. ನಾಡಿ ನೋಡುವುದು ನನಗೆ ಬರುವುದಿಲ್ಲ. ಕೈ ಅವರ ಮಣಿಕಟ್ಟಿನ ಮೇಲಿದ್ದರೆ ಕಣ್ಣು ಗೋಡೆಯ ಕ್ಯಾಲೆಂಡರಿನ ಮೇಲಿರುತ್ತಿತ್ತು. ಸಭೆಗೆ ಇನ್ನು ಹದಿನೆಂಟು ದಿನ, ಹದಿನೇಳು ದಿನ. ದಾಳಿಂಬೆಯ ಗುಣವೋ, ದಿನವೂ ಮಾತಿಗೊಬ್ಬ ಸಿಕ್ಕಿದ ಗುಣವೋ, ಅಣ್ಣನವರು ಎದ್ದು ಕೂತರು, ಆಮೇಲೆ ಕೋಲು ಹಿಡಿದು ಅಂಗಳದಲ್ಲಿ ಓಡಾಡತೊಡಗಿದರು. ಒಂದು ದಿನ ಶೋಕ ಪ್ರಸ್ತಾವದ ಮಾತು ತೆಗೆದೆ. ಅವರು ಬೊಚ್ಚುಬಾಯಿ ತೆರೆದು ನಕ್ಕರು. ಈ ಪದ್ಧತಿ ಹಾಕಿದವರು ಅವರೇ ಅಂತೆ. ನಗರಪಾಲಿಕೆ ಬಂದ ಮೇಲೆ ಬೋರ್ಡು ಬದಲಾಯಿತು, ಪದ್ಧತಿ ಉಳಿಯಿತು.

"ಉತ್ತರ ಇಲ್ಲದ ಪ್ರಶ್ನಿ ಬಂದಾಗ ಊರಾಗ ಯಾರರೆ ಸತ್ತಿರತಾರ, ಮಾಸ್ತರ," ಎಂದರು. "ಹುಡುಕಬೇಕಷ್ಟ."

ಹೇಗೋ ಸಭೆಯ ದಿನ ಬಂತು. ನಾನು ಬೆಳಕು ಹರಿಯುತ್ತಲೇ ಹೊರಟು ಏಳೂ ಮನೆ ಸುತ್ತಿ ಬಂದೆ. ಏಳೂ ಜನ ಜೀವಂತ. ಒಬ್ಬರಂತೂ ಉಪ್ಪಿಟ್ಟಿಗೆ ಉಪ್ಪು ಕಡಿಮೆಯೆಂದು ಸೊಸೆಯ ಮೇಲೆ ಕೂಗಾಡುತ್ತಿದ್ದರು. ನನಗೆ ಸಂಗೀತ ಕೇಳಿದಂತಾಯಿತು. ಇವತ್ತು ಠರಾವು ಪಾಸಾದಂತೆಯೇ ಎಂದು ಬೆಳುಂಕಿಗೆ ಫೋನ್ ಕೂಡ ಮಾಡಿಬಿಟ್ಟೆ. ಶಾಂತವ್ವ "ನೋಡೂಣು" ಎಂದಷ್ಟೇ ಹೇಳಿದಳು, ಆದರೆ ದನಿ ಮೆತ್ತಗಿತ್ತು. ಮನೆ ಹತ್ತಿರ ಬಂದಾಗ, ರಾಜ್ಯಪಾಲರು ಯಾರಾದರೂ ಹೋಗಿದ್ದಾರೆಯೇ ನೋಡೋಣವೆಂದು ಊರಿನ ವಾಟ್ಸಾಪ್ ಗುಂಪು ತೆರೆದೆ. ಓದುತ್ತ ನಡೆದೆ. ಆರು ತಿಂಗಳಿಂದ ಯಾವ ಗಟಾರಕ್ಕಾಗಿ ಹೋರಾಡುತ್ತಿದ್ದೆನೋ ಅದೇ ಗಟಾರ ನನ್ನ ಬಲಗಾಲನ್ನು ಬರಮಾಡಿಕೊಂಡಿತು. ಎಲುಬು ಮುರಿದ ಸದ್ದು ನನಗೇ ಕೇಳಿಸಿತು.

ಆಗ ಓಣಿಯಲ್ಲಿದ್ದ ವಾಹನವೆಂದರೆ ಕಸ ಒಯ್ಯಲು ಬಂದ ನಗರಪಾಲಿಕೆಯ ಘಂಟಾಗಾಡಿ ಒಂದೇ. ನಾಲ್ಕು ಜನ ನನ್ನನ್ನು ಎತ್ತಿ ಅದರಲ್ಲೇ ಮಲಗಿಸಿದರು. ಬಿಸಿಲು ಬಡಿಯದಿರಲಿ ಎಂದು ಎದುರು ಮನೆಯವರು ಒಂದು ಬಿಳಿ ಚಾದರ ಹೊದಿಸಿದರು. ನೊಣಗಳಿದ್ದವೆಂದು ಅದನ್ನು ನಾನೇ ಮುಖದ ಮೇಲೂ ಎಳೆದುಕೊಂಡೆ. ಹಸಿ ಕಸ ಬೇರೆ, ಒಣ ಕಸ ಬೇರೆ ಹಾಕಿರೆಂದು ಮರಾಠಿ ಹಾಡು ಹಚ್ಚಿಕೊಂಡೇ ಗಾಡಿ ಪೇಟೆಯ ನಡುವೆ ದವಾಖಾನೆಗೆ ಹೋಯಿತು. ಪೇಟೆಯವರ ಕಣ್ಣಿಗೆ ಬಿದ್ದದ್ದು ತಲೆಯಿಂದ ಕಾಲಿನ ತನಕ ಬಿಳಿ ಬಟ್ಟೆ ಹೊದ್ದು ಮಲಗಿದ ಹೆಡ್‌ಮಾಸ್ತರ. ವಾಟ್ಸಾಪ್ ಗುಂಪಿನಲ್ಲಿ ಒಬ್ಬ 'ಭಾವಪೂರ್ಣ ಶ್ರದ್ಧಾಂಜಲಿ' ಎಂದು ಹಾಕಿದ. ಒಬ್ಬ ಹಾಕಿದ ಮೇಲೆ ಹಾಕದಿದ್ದವನು ಒರಟನೆನಿಸಿಕೊಳ್ಳುತ್ತಾನೆ, ಆದ್ದರಿಂದ ಎಲ್ಲರೂ ಹಾಕಿದರು. ಅಷ್ಟು ಹೊತ್ತಿಗೆ ನಾನು ಆ್ಯಂಬುಲೆನ್ಸಿನಲ್ಲಿ ಮಿರಜಿನ ದೊಡ್ಡ ಆಸ್ಪತ್ರೆಯ ದಾರಿ ಹಿಡಿದಿದ್ದೆ, ಫೋನು ಗಟಾರದಲ್ಲಿತ್ತು.

ಸಭೆಯಲ್ಲಿ ನಡೆದದ್ದನ್ನು ಬೀರಪ್ಪ ಆಮೇಲೆ ಹೇಳಿದ. ಮಧ್ಯಾಹ್ನ ಸಭೆ ಕೂಡುವ ಹೊತ್ತಿಗೆ ಗುರುಪಾದಣ್ಣ ಸ್ವತಃ ಬಂದರಂತೆ. ಹಲವು ವರ್ಷ ಆ ಮೆಟ್ಟಿಲು ಹತ್ತದಿದ್ದವರು ಕೋಲೂರಿಕೊಂಡು ಹತ್ತಿದರು, ದಾಳಿಂಬೆ ತಿಂದ ಶಕ್ತಿಯಿಂದ ಅರ್ಧ ತಾಸು ನಿಂತು ಮಾತಾಡಿದರು. ತನ್ನದೆಂಬ ಒಂದು ಕಾಸಿನ ಸ್ವಾರ್ಥವಿಲ್ಲದೆ ದಿನವೂ ಬಂದು ರೋಗಿಗಳ ಸೇವೆ ಮಾಡಿದ ಮಹಾತ್ಮ ಎಂದರು. ಇಡೀ ಸಭೆ ಅತ್ತಿತು. ಪಟ್ಟಿಯಲ್ಲಿದ್ದ ಇನ್ನಿಬ್ಬರು ಹಿರಿಯರೂ ಹಿಂದಿನ ಬಾಕಿನಲ್ಲಿ ಕುಳಿತು ಅತ್ತರು. ಶೋಕ ಪ್ರಸ್ತಾವ ಸರ್ವಾನುಮತದಿಂದ ಪಾಸಾಯಿತು, ನನ್ನ ಗೌರವಾರ್ಥ ಸಭೆ ತಹಕೂಬ ಆಯಿತು. ಏಳನೆಯ ವಿಷಯ ಮುಂದಿನ ತಿಂಗಳಿಗೆ ಹೋಯಿತು. ಭಜಿಯನ್ನು ಮಾತ್ರ ಅಂದು ಯಾರೂ ಮುಟ್ಟಲಿಲ್ಲವೆಂದು ಬೀರಪ್ಪ ಹೆಮ್ಮೆಯಿಂದ ಹೇಳಿದ. ಆ ಪ್ರಸ್ತಾವದ ಪ್ರತಿಯನ್ನೂ ತಂದಿದ್ದ. 'ನಾಗರಿಕ ಪ್ರಶ್ನೆಗಳ ಬಗ್ಗೆ ಸದಾ ಕಳಕಳಿ ಹೊಂದಿದ್ದ' ಎಂದಿತ್ತು. ರದ್ದು ಮಾಡಿಸಬೇಕಾದರೆ ಮತ್ತೊಂದು ಠರಾವು ಬೇಕಂತೆ. ನಾನು ಅವಸರ ಮಾಡಲಿಲ್ಲ. ನನ್ನ ಬಗ್ಗೆ ಇಷ್ಟು ಒಳ್ಳೆಯ ಮಾತು ಬರವಣಿಗೆಯಲ್ಲಿ ಹಿಂದೆಂದೂ ಬಂದಿರಲಿಲ್ಲ. ಮೂರು ಸಲ ಓದಿ ತಲೆದಿಂಬಿನ ಕೆಳಗೆ ಇಟ್ಟುಕೊಂಡೆ.

ಶಾಂತವ್ವ ಬೆಳುಂಕಿಯಿಂದ ಅಳುತ್ತಲೇ ಮಿರಜಿಗೆ ಬಂದಿದ್ದಳು. ಸುದ್ದಿ ಸುಳ್ಳೆಂದು ದಾರಿಯಲ್ಲೇ ಗೊತ್ತಾಗಿದ್ದರೂ ಅಳು ನಿಂತಿರಲಿಲ್ಲ. ವಾರ್ಡಿನೊಳಗೆ ಬಂದು ನನ್ನ ಪ್ಲಾಸ್ಟರ್ ಹಾಕಿದ ಕಾಲನ್ನು, ಮುಖವನ್ನು, ಮತ್ತೆ ಕಾಲನ್ನು ನೋಡಿದಳು. ಏನಾದರೂ ಮೃದುವಾದ ಮಾತು ಬರುತ್ತದೆಂದು ಕಾದೆ.

"ಸಾಯೂದಾದರ ಗಟಾರ ಮುಚ್ಚಿದ ಮ್ಯಾಲೆ ಸಾಯ್ರಿ," ಎಂದಳು. "ಅಲ್ಲೀತನಕ ನನ್ನ ಕಣ್ಣ ಮುಂದಿರ್ರಿ."

ಹೀಗೆ ಗಟಾರ ಮುಚ್ಚದೆಯೇ ಮನೆಯಾಕೆ ಮನೆಗೆ ಬಂದಳು, ಹಿತ್ತಿಲ ಬಾಗಿಲಿನಿಂದ. ಈಗ ನಾನು ಹಾಸಿಗೆಯಲ್ಲಿದ್ದೇನೆ. ಬಂದ ಮೂರನೆಯ ದಿನ ಬೆಳಿಗ್ಗೆ ಅಂಗಳದಲ್ಲಿ ಕೋಲಿನ ಸದ್ದಾಯಿತು. ಗುರುಪಾದಣ್ಣ, ಕೈಯಲ್ಲಿ ಚೀಲ. ಮಂಚದ ಬದಿಗೆ ಕುಳಿತು ದಾಳಿಂಬೆ ಒಡೆದು ಕಾಳು ಬಿಡಿಸಿದರು, ನಾಡಿ ಹಿಡಿದರು. ಮರುದಿನವೂ ಬಂದರು, ಅದರ ಮರುದಿನವೂ ಬಂದರು. ನನಗೆ ಕಣ್ಣು ತುಂಬಿ ಬಂತು. ಗಟಾರದ ಆಸೆಗೆ ಬಂದ ನನ್ನನ್ನು ಮಹಾತ್ಮನೆಂದು ನಂಬಿದ ಈ ಹಿರಿಯರ ಮುಂದೆ ತಪ್ಪೊಪ್ಪಿಕೊಳ್ಳಬೇಕೆಂದು ತೀರ್ಮಾನಿಸಿದೆ. ಈ ವಯಸ್ಸಿನಲ್ಲಿ ದಿನವೂ ಯಾಕೆ ತೊಂದರೆ ತೆಗೆದುಕೊಳ್ಳುತ್ತೀರಿ ಎಂದು ಕೇಳಿ ಮಾತು ತೆಗೆಯುವಷ್ಟರಲ್ಲಿ ನೋಡುತ್ತೇನೆ, ಅವರ ಕೈ ನನ್ನ ಮಣಿಕಟ್ಟಿನ ಮೇಲಿತ್ತು, ಕಣ್ಣು ನಮ್ಮ ಗೋಡೆಯ ಕ್ಯಾಲೆಂಡರಿನ ಮೇಲಿತ್ತು.

"ಅಣ್ಣಾರ," ಎಂದೆ, "ನಿಮಗ ಮೊದಲಿಂದನೂ ಗೊತ್ತಿತ್ತೇನ್ರಿ?"

"ಸರಪಂಚಕಿ ಮಾಡಿದಾಂವ ನಾ. ಯಾರು ಯಾಕ ಬರತಾರ ಅನ್ನೂದು ಗೊತ್ತಾಗಲಾರದೇನು," ಎಂದರು, ಕ್ಯಾಲೆಂಡರಿನಿಂದ ಕಣ್ಣು ತೆಗೆಯದೆ. "ಮುಂದಿನ ಮೀಟಿಂಗಿನ್ಯಾಗ ನಿಮ್ಮ ಗಟಾರದ್ದು ಏಳನೇದು. ನಮ್ಮ ಮನಿ ಮುಂದಿನ ಕಂಬದ ಲೈಟಿಂದು ಎಂಟನೇದು. ಬಾಯಿ ತಗೀರಿ."

ಸಭೆ ಮುಂದೂಡುವ ಯೋಗ್ಯತೆ ನನಗೂ ಬಂದಿದೆ, ಅದು ಸರ್ವಾನುಮತದಿಂದ ಪಾಸಾಗಿ ದಾಖಲೆಯಲ್ಲಿದೆ. ಸಭೆಗೆ ಇನ್ನೂ ಹನ್ನೊಂದು ದಿನ ಇತ್ತು. ನಾನು ಬಾಯಿ ತೆರೆದೆ, ಕಾಳು ಗಂಟಲಿಗೆ ಸಿಕ್ಕಬಾರದೆಂದು ಒಂದೊಂದನ್ನೇ ನಿಧಾನವಾಗಿ ಅಗಿದು ನುಂಗಿದೆ.