ಹರಕೆಯ ಹುಂಜ ಮತ್ತು ನನ್ನ ಶುದ್ಧ ಪ್ರತಿ

ನನಗೊಂದು ದೌರ್ಬಲ್ಯವಿದೆ, ಅದು ಹೃದಯಕ್ಕೆ ಸಂಬಂಧಿಸಿದ್ದಲ್ಲ. ಹೃದಯದ ವಿಷಯಕ್ಕೆ ಆಮೇಲೆ ಬರುತ್ತೇನೆ. ಯಾವ ಕಾಗದವನ್ನಾದರೂ ಮೊದಲು ಕರಡಾಗಿ ಬರೆದು, ತಿದ್ದಿ, ಅನಂತರ ಶುದ್ಧ ಪ್ರತಿ ಮಾಡದೆ ನಾನು ಹೊರಗೆ ಬಿಡಲಾರೆ. ನಮ್ಮ ಕುಟುಂಬದಲ್ಲಿ ಪದವಿಯನ್ನು ಮೊದಲು ಮನೆಗೆ ತಂದವನು ನಾನು. ಅಮ್ಮ ಬೀಡಿ ಕಟ್ಟಿ ಓದಿಸಿದಳು. ಉಪ್ಪಿನಂಗಡಿಯಿಂದ ಕಡಬಕ್ಕೆ ಹೋಗುವ ದಾರಿಯಲ್ಲಿರುವ ನಮ್ಮ ಊರಿನ ರೇಷನ್ ಕಾರ್ಡಿನ ಅರ್ಜಿಗಳು, ವಾಲಿದ ವಿದ್ಯುತ್ ಕಂಬದ ಕುರಿತಾದ ದೂರುಗಳು ಎಲ್ಲವೂ ನನ್ನ ಕೈಯಲ್ಲೇ ಶುದ್ಧಗೊಂಡು ಕಚೇರಿಗಳಿಗೆ ಹೋಗುತ್ತವೆ. ಒಂದು ದೀರ್ಘ ತಪ್ಪಿದರೂ ಯಾರೋ ಬಂದು ಪದವಿಯನ್ನು ವಾಪಸು ಕೇಳಿಯಾರು ಎಂಬ ಭಯ ಮಾತ್ರ ಇಪ್ಪತ್ತು ವರ್ಷಗಳಾದರೂ ನನ್ನನ್ನು ಬಿಟ್ಟಿಲ್ಲ.

ಇನ್ನು ಹೃದಯ. ಹುಟ್ಟುವಾಗಲೇ ಅದರಲ್ಲೊಂದು ತೂತಿತ್ತು. ಆರನೆಯ ವಯಸ್ಸಿನಲ್ಲಿ ಹೊಲಿದು ಮುಚ್ಚಿದರು. ಅಂದಿನಿಂದ ಶಾಲೆಯ ಓಟದ ಸ್ಪರ್ಧೆಯಲ್ಲಿ ಸೀಟಿ ಊದುವುದೂ ವಾಲಿಬಾಲಿನಲ್ಲಿ ಅಂಕ ಬರೆಯುವುದೂ ನನ್ನ ಕಾಯಂ ಹುದ್ದೆಗಳಾದವು. ನಲವತ್ತು ದಾಟಿದ ಮೇಲೆ ಎದೆ ಆಗಾಗ ಕಾರಣವಿಲ್ಲದೆ ಓಡತೊಡಗಿತು. ನಾನು ಗುಮಾಸ್ತನಾಗಿರುವ ಪ್ರೌಢಶಾಲೆಯಲ್ಲಿ ಇದನ್ನು ಹೇಳಿಕೊಂಡಾಗ ಎಲ್ಲರೂ ಒಂದೇ ರೋಗವನ್ನು ಗುರುತಿಸಿದರು: ಹೆದರಿಕೆ. ಮೇಲಧಿಕಾರಿಗಳ ದೂರವಾಣಿ ಕರೆ ಬಂದರೂ ನನ್ನ ಎದೆ ಹೊಡೆದುಕೊಳ್ಳುತ್ತದೆಯಾದ್ದರಿಂದ ಪ್ರತಿವಾದ ಮಾಡಲು ನನ್ನಲ್ಲಿ ಆಧಾರವಿರಲಿಲ್ಲ.

ಪುತ್ತೂರಿನ ಹೃದಯದ ಡಾಕ್ಟರಮ್ಮ ಮಾತ್ರ ನಗಲಿಲ್ಲ. ಬಾಲ್ಯದ ಹೊಲಿಗೆಯ ಕಲೆ ಹೃದಯದ ಒಳಗೆ ಉಳಿದಿರುತ್ತದೆ, ದೊಡ್ಡವರಾದ ಮೇಲೆ ಮಿಡಿತದ ಕರೆಂಟು ಕೆಲವೊಮ್ಮೆ ಅದರ ಸುತ್ತ ದಾರಿ ತಪ್ಪಿ ಗಿರಕಿ ಹೊಡೆಯುತ್ತದೆ ಎಂದರು. ಒಂದು ಹಗಲು, ಒಂದು ರಾತ್ರಿ ಮಿಡಿತವನ್ನು ದಾಖಲಿಸುವ ಚಿಕ್ಕ ಪೆಟ್ಟಿಗೆಯನ್ನು ತಂತಿಗಳ ಸಮೇತ ಎದೆಗೆ ಅಂಟಿಸಿದರು. ಜೊತೆಗೆ ನರ್ಸು ಒಂದು ನಮೂನೆ ಕೊಟ್ಟರು. ಸಮಯ, ಮಾಡುತ್ತಿದ್ದ ಕೆಲಸ, ಆದ ತೊಂದರೆ, ಹೀಗೆ ಮೂರು ಕಾಲಂ. "ಆಗಾಗಲೇ ಬರೀರಿ, ಚಂದ ಮಾಡುದು ಬೇಡ," ಎಂದರು. ಆ ಎಚ್ಚರಿಕೆ ಅವಿದ್ಯಾವಂತರಿಗಾಗಿ ಇರಬೇಕೆಂದು ಭಾವಿಸಿ, ನಾನು ಕರಡಿಗೆಂದು ಬೇರೆ ಹಾಳೆ ತೆಗೆದಿಟ್ಟುಕೊಂಡೆ.

ನಿತ್ಯದ ಕೆಲಸಗಳನ್ನೆಲ್ಲ ಮಾಡಬೇಕೆಂದು ಹೇಳಿದ್ದರೂ ಅಂದು ರಜೆ ಹಾಕಿ, ತಪಾಸಣೆಗೆ ಅಧಿಕಾರಿಗಳು ಬರುವ ದಿನದ ಶಾಲೆಯಂತೆ ಸಂಜೆಯವರೆಗೂ ಮಿಸುಕಾಡದೆ ಕುಳಿತೆ. ಕೆಡಿಸಿದ್ದು ಹುಂಜ. ನನ್ನ ವರದಿ ಚೆನ್ನಾಗಿ ಬಂದರೆ ಮನೆಯ ದೈವಕ್ಕೆ ಕೊಡುತ್ತೇನೆಂದು ಅಮ್ಮ ಹರಕೆ ಹೊತ್ತು, ಅದನ್ನು ಹಲಸಿನ ಮರಕ್ಕೆ ಕಟ್ಟಿದ್ದಳು. ನಾಲ್ಕು ಇಪ್ಪತ್ತಕ್ಕೆ ಅದು ಹಗ್ಗ ಬಿಡಿಸಿಕೊಂಡಿತು. ನನ್ನ ಹೃದಯದ ಹರಕೆಯೇ ಓಡಿಹೋಗುವಾಗ ಸುಮ್ಮನಿರುವುದು ಹೇಗೆ? ಪೆಟ್ಟಿಗೆಯನ್ನು ಒಂದು ಕೈಯಲ್ಲೂ ಲುಂಗಿಯನ್ನು ಇನ್ನೊಂದು ಕೈಯಲ್ಲೂ ಹಿಡಿದು ಮನೆಗೆ ಮೂರು ಸುತ್ತು ಬಂದೆ. ಬೇಲಿಯಾಚೆಯಿಂದ ನೋಡುತ್ತಿದ್ದ ನೆರೆಮನೆಯ ಐತಪ್ಪಣ್ಣ ಸಾವಕಾಶವಾಗಿ ಹೇಳಿದರು: "ಕೋಳಿ ಹಿಡಿಯುದಕ್ಕೆ ಬಿ.ಎ. ಸಾಕಾಗುದಿಲ್ಲ ಮಾರಾಯ." ಅಷ್ಟರಲ್ಲಿ ಎದೆ ಪಟಪಟ ಬಡಿದು, ಕಣ್ಣು ಕತ್ತಲಿಟ್ಟು, ಒಗೆಯುವ ಕಲ್ಲಿನ ಮೇಲೆ ಕುಸಿದೆ. ಅಮ್ಮ ಒಂದು ಹಿಡಿ ಅಕ್ಕಿ ಚೆಲ್ಲಿ ಹುಂಜವನ್ನು ಹಿಡಿದಳು.

ನಡೆದುದನ್ನು ನಡೆದಂತೆಯೇ ಕರಡಿನಲ್ಲಿ ಬರೆದೆ. ಮರುದಿನ ಬೆಳಿಗ್ಗೆ ಶುದ್ಧ ಪ್ರತಿ ಮಾಡುವಾಗ, ಒಬ್ಬ ವೈದ್ಯೆಯ ಕಡತದಲ್ಲಿ ಹುಂಜ ಇರುವುದು ಉಚಿತವೆನಿಸಲಿಲ್ಲ. ಕಣ್ಣು ಕತ್ತಲಿಟ್ಟಿತೆಂದರೆ ಮತ್ತೆ ಹೆದರಿಕೆಯವನೆಂಬ ಹೆಸರು. ಆದ್ದರಿಂದ ಹೀಗೆ ಬರೆದೆ: "ಸಂಜೆ ೪.೨೦ – ಮನೆಯ ಆವರಣದಲ್ಲಿ ಲಘು ವಾಯುವಿಹಾರ. ಯಾವುದೇ ತೊಂದರೆ ಕಂಡುಬಂದಿರುವುದಿಲ್ಲ."

ಡಾಕ್ಟರಮ್ಮ ಪೆಟ್ಟಿಗೆಯ ದಾಖಲೆಯನ್ನು ನೋಡಿದರು, ನನ್ನ ಹಾಳೆಯನ್ನು ನೋಡಿದರು, ಮತ್ತೆ ದಾಖಲೆಯನ್ನು ನೋಡಿದರು.

"ಇದು ವಾಯುವಿಹಾರದ ಮಿಡಿತ ಅಲ್ಲ. ಆಗ ಕಣ್ಣು ಕತ್ತಲೆ ಬಂದದ್ದು ಉಂಟಾ? ಇಲ್ಲದಿದ್ದರೆ ಸದ್ಯಕ್ಕೆ ಮಾತ್ರೆ ಕೊಟ್ಟು ನೋಡುವ. ಬಂದದ್ದು ಹೌದಾದರೆ ಮಾತ್ರೆಯಲ್ಲಿ ನಿಲ್ಲಿಸ್ಲಿಕ್ಕಾಗುದಿಲ್ಲ. ನೀವು ದಿನಾ ಬೈಕು ಬಿಡುವವರು."

ಇಪ್ಪತ್ತು ವರ್ಷಗಳಲ್ಲಿ ನನ್ನ ಶುದ್ಧ ಪ್ರತಿ ತಪ್ಪೆಂದು ನಾನು ಯಾರೆದುರೂ ಒಪ್ಪಿದವನಲ್ಲ. ಮಾತ್ರೆಯೂ ಹಗುರ, ಮರ್ಯಾದೆಯೂ ಉಳಿಯುತ್ತಿತ್ತು. ಆದರೆ ದಿನವೂ ನನ್ನ ಬೈಕಿನ ಹಿಂದೆ ಕುಳಿತು ಪೇಟೆಗೆ ಬರುವ ಅಮ್ಮ ಪಕ್ಕದಲ್ಲೇ ಇದ್ದಳು. ಓದು ಬಾರದ ಅವಳು ನನ್ನ ಅಕ್ಷರವಿರುವ ಕಾಗದವನ್ನು ಎಂದೂ ಎಸೆಯುವುದಿಲ್ಲ. ಅದರಲ್ಲಿ ವೀಳ್ಯದೆಲೆ ಸುತ್ತಿ ಇಟ್ಟುಕೊಳ್ಳುತ್ತಾಳೆ.

"ಅಮ್ಮ, ಎಲೆ ಸುತ್ತಿದ ಆ ಕಾಗದ ಕೊಡು," ಎಂದೆ.

ಸುಣ್ಣ ಮೆತ್ತಿದ ಕರಡನ್ನು ಡಾಕ್ಟರಮ್ಮ ಗಟ್ಟಿಯಾಗಿಯೇ ಓದಿದರು: "ಹುಂಜದ ಹಿಂದೆ ಓಡಿದೆ. ಎದೆ ಪಟಪಟ. ಕಣ್ಣು ಕತ್ತಲೆ. ಒಗೆಯುವ ಕಲ್ಲಲ್ಲಿ ಕೂತೆ." ನರ್ಸು ಕಿಟಕಿಯ ಕಡೆ ತಿರುಗಿದರು. ಡಾಕ್ಟರಮ್ಮ ಅದನ್ನು ಕಡತಕ್ಕೆ ಸೇರಿಸಿ, ಶುದ್ಧ ಪ್ರತಿಯನ್ನು ನನಗೇ ಮರಳಿಸಿದರು.

"ಅವ ಸಣ್ಣದಿರುವಾಗಲೇ ಹಾಗೆ ಡಾಕ್ಟ್ರೆ," ಎಂದಳು ಅಮ್ಮ. "ಬಿದ್ದರೆ ಎದ್ದು, ಅಂಗಿಯ ಮಣ್ಣು ಕೊಡವಿ, ಆಮೇಲೆ ಅಳುದು."

ಮುಂದಿನ ವಾರ ಮಂಗಳೂರಿನಲ್ಲಿ ತೊಡೆಯ ರಕ್ತನಾಳದ ಮೂಲಕ ತಂತಿ ಹಾಯಿಸಿ, ಆ ದಾರಿ ತಪ್ಪಿಸುವ ಜಾಗವನ್ನು ಸುಡುತ್ತಾರಂತೆ. ಬೈಕಿನ ಕೀಲಿ ಅಮ್ಮನ ಸೆರಗಿನ ಗಂಟಿನಲ್ಲಿದೆ. ವರದಿ ಚೆನ್ನಾಗಿ ಬಾರದ ಕಾರಣ ಹರಕೆ ಮುಂದಕ್ಕೆ ಹೋಗಿ ಹುಂಜ ಸುಖವಾಗಿದೆ. ನನ್ನ ಆರೋಗ್ಯವನ್ನು ಅದರಷ್ಟು ಆತಂಕದಿಂದ ಗಮನಿಸುವವರು ಇನ್ನೊಬ್ಬರಿಲ್ಲ. ಈಗ ನೀವು ಓದುತ್ತಿರುವುದೂ ಶುದ್ಧ ಪ್ರತಿಯೇ. ಮನೆಗೆ ಮೂರು ಸುತ್ತು ಓಡಿದೆನೆಂದು ಇದರಲ್ಲಿದೆ. ಇದರ ಕರಡಿನಲ್ಲಿ ಎಷ್ಟಿತ್ತೆಂದು ತಿಳಿಯಬಯಸುವವರು ದಯವಿಟ್ಟು ಅಮ್ಮನ ಎಲೆಚೀಲವನ್ನು ವಿಚಾರಿಸತಕ್ಕದ್ದು.