ಒಂಬತ್ತನೇ ನಂಬರಿಗೆ ಊರೆಲ್ಲ ವಶೀಲಿ

ವಶೀಲಿ ಇಲ್ಲದೆ ಮೆಡಿಕಲ್ ಸೀಟು ಸಿಗುವುದಿಲ್ಲ. ಆಗ ಕುಷ್ಟಗಿಯಲ್ಲಿ ಇದನ್ನು ಎಲ್ಲರೂ ನಂಬಿದ್ದರು. ಪರೀಕ್ಷೆ ಬರೆಯುವುದು ಮಕ್ಕಳ ಕೆಲಸ, ಸೀಟು ತರುವುದು ದೊಡ್ಡವರ ಕೆಲಸ ಎಂಬ ಹಂಚಿಕೆಯಿತ್ತು. ಈಗಲೂ ಅದೇ ಇದೆ. ನಾನು ಡಾಕ್ಟರಾಗಿ ಆಸ್ಪತ್ರೆಯಲ್ಲಿ ಕೂತ ಮೇಲೂ, ತೋಳಿಗೆ ಕಟ್ಟಿದ ಬಿಪಿ ಪಟ್ಟಿ ಬಿಚ್ಚುವ ಮೊದಲೇ, "ನಿಮ್ಮ ಸೀಟು ಯಾರ ಕಡಿಯಿಂದ ಆತ್ರೀ ಮೇಡಂ?" ಎಂದು ಕೇಳುವವರಿದ್ದಾರೆ. ಒಬ್ಬರು ಕೇಳಿ ಹೋದ ವಾರದಲ್ಲೇ ಇನ್ನೊಬ್ಬರು ಬರುತ್ತಾರೆ. ಪ್ರತಿ ಸಲ ಪೂರ್ತಿ ಹೇಳೋಣವೆಂದರೆ ಹೊರಗೆ ರೋಗಿಗಳ ಸಾಲು ಇರುತ್ತದೆ. ಹಾಗಾಗಿ ಒಮ್ಮೆ ಬರೆದಿಡುತ್ತಿದ್ದೇನೆ.

ನಾನು ನೀಟ್ ಬರೆದದ್ದು ಎರಡನೇ ಸಲ. ರಾಜ್ಯದ ಸುತ್ತುಗಳಲ್ಲಿ ಸರ್ಕಾರಿ ಸೀಟು ಸ್ವಲ್ಪದರಲ್ಲಿ ತಪ್ಪಿತು. ನಮ್ಮ ಭಾಗದವರಿಗೆಂದು ಇರುವ 371ಜೆ ಮೀಸಲಾತಿಯೂ ಕೈ ಹಿಡಿಯಲಿಲ್ಲ. ಉಳಿದದ್ದು ಹೊರರಾಜ್ಯದ ಒಂದೇ ಕಾಲೇಜು. ಅಲ್ಲಿ ನೀಟ್ ಅಂಕದ ಜೊತೆ ಸಂದರ್ಶನವೂ ಇತ್ತು. ಕರೆ ಬಂತು. ಇದೂ ತಪ್ಪಿದರೆ ಮೂರನೇ ಸಲ ಬರೆಯಬೇಕು. ಬರೆಯುವ ತ್ರಾಣ ನನ್ನಲ್ಲಿರಲಿಲ್ಲ. ಬರೆಸುವ ತ್ರಾಣ, ಕಚೇರಿಯೊಂದರಲ್ಲಿ ಗುಮಾಸ್ತನಾಗಿದ್ದ ಅಪ್ಪನಲ್ಲೂ ಇರಲಿಲ್ಲ. ಇಬ್ಬರೂ ಅದನ್ನು ಬಾಯಿಬಿಟ್ಟು ಹೇಳಿರಲಿಲ್ಲ.

ಮನೆಯೊಳಗಿನ ಇಂಟರ್‌ವ್ಯೂ

ಕಾಗದ ಬಂದ ಮರುದಿನವೇ ತಾವರಗೇರಾದಿಂದ ಅಪ್ಪನ ಕಾಕಾ ಬಂದ, ನಮಗೂ ಅವನು ಕಾಕಾನೇ. ಹೆಡ್ ಮಾಸ್ತರಾಗಿ ನಿವೃತ್ತನಾದವನು. "ಹಂಗ ಕಳಿಸಿದ್ರ ಹುಡುಗಿ ಅಂಜತಾಳ. ಮನ್ಯಾಗ ಒಮ್ಮೆ ಇಂಟರ್‌ವ್ಯೂ ಆಗಲಿ" ಎಂದ. ಪಡಸಾಲೆಯಲ್ಲಿ ಮೂರು ಕುರ್ಚಿ ಹಾಕಿಸಿದ. ಒಂದರಲ್ಲಿ ತಾನು ಕೂತ. ಇನ್ನೊಂದಕ್ಕೆ ಔಷಧ ಅಂಗಡಿಯವರನ್ನು ಕರೆಸಿದ. ಮೂರನೆಯದಕ್ಕೆ ಯಾರೂ ಕರೆಯದಿದ್ದರೂ ಪಕ್ಕದ ಮನೆಯ ಚಿಗವ್ವ ಬಂದು ಕೂತಳು.

ಕಾಕಾ ಗಂಟಲು ಸರಿಮಾಡಿಕೊಂಡ. "ಕೊಪ್ಪಳ ಜಿಲ್ಲಾದಾಗ ಹೋಬಳಿ ಎಷ್ಟು? ಹೆಸರು ಹೇಳು."

"ಕಾಕಾ, ಇದು ಡಾಕ್ಟರ್ ಓದಾಕ ಇಂಟರ್‌ವ್ಯೂ."

"ಡಾಕ್ಟರ್ ಆದ್ರ ಹೋಬಳಿ ಬ್ಯಾಡೇನು? ಇರಕಲ್ಲಗಡ ಒಂದು. ಅಳವಂಡಿ ಎರಡು. ಮುಂದ ಹೇಳು."

ಕಾಕಾ ತನ್ನ ಜೀವನದಲ್ಲಿ ಕೊಟ್ಟದ್ದು ಒಂದೇ ಸಂದರ್ಶನ, ಮಾಸ್ತರಿಕೆಗೆ. ಆಗ ನಮ್ಮ ಊರುಗಳೆಲ್ಲ ರಾಯಚೂರು ಜಿಲ್ಲೆಯಲ್ಲಿದ್ದವು. ಹೋಬಳಿಗಳ ಪ್ರಶ್ನೆಗೆ ಅವನಿಗೆ ಉತ್ತರ ಬಂದಿರಲಿಲ್ಲ. ಆ ಸಿಟ್ಟು ಇನ್ನೂ ಹಾಗೇ ಇತ್ತು.

ಚಿಗವ್ವ ತನ್ನ ಸರದಿಗೆ ಕಾಯಲಿಲ್ಲ. "ಅದಿರ್ಲಿ. ನನ್ನ ಮೊಣಕಾಲು ಕುಂತ್ರ ಏಳಾಕ ಬಿಡವಲ್ದು, ಎದ್ರ ಕುಂದ್ರಾಕ ಬಿಡವಲ್ದು. ಯಾಕ?"

"ಅದನ್ನ ಇನ್ನ ಕಲೀಬೇಕು, ಚಿಗವ್ವ."

"ಮತ್ತ ಎರಡು ವರ್ಷ ಬಾಗಲಾ ಹಾಕ್ಕೊಂಡು ಏನು ಓದಿದಿ?"

ಔಷಧ ಅಂಗಡಿಯವರು ಮಾತ್ರ ಗೌರವದಿಂದ ಕೇಳಿದರು. "ಓದು ಮುಗಿದ ಮ್ಯಾಲ ದವಾಖಾನಿ ಎಲ್ಲಿ ಹಾಕ್ತೀರಿ?"

"ಇನ್ನೂ ವಿಚಾರ ಮಾಡಿಲ್ರಿ."

"ವಿಚಾರ ಏನೈತ್ರಿ ಅದರಾಗ. ನನ್ನ ಅಂಗಡಿ ಬಾಜೂಕ ಒಂದು ಮಳಿಗಿ ಖಾಲಿ ಐತಿ."

ಫಲಿತಾಂಶ ಅಲ್ಲೇ ಪ್ರಕಟವಾಯಿತು. ಕಾಕಾನದು ಫೇಲ್. ಚಿಗವ್ವನದು ಫೇಲ್. ಔಷಧ ಅಂಗಡಿಯವರು ಪಾಸು ಮಾಡಿದರು, ಮತ್ತು ಮರುದಿನ ಆ ಮಳಿಗೆಯ ಷಟರಿಗೆ ಬಣ್ಣ ಹೊಡೆಸಿದರು.

ನಡತೆ

ಕಾಲೇಜಿನವರು ಒಂದು ನಡತೆ ಪ್ರಮಾಣಪತ್ರ ಕೇಳಿದ್ದರು. ಸಂಬಂಧಿಕರಲ್ಲದ, ಅಭ್ಯರ್ಥಿಯನ್ನು ಕನಿಷ್ಠ ಮೂರು ವರ್ಷದಿಂದ ಬಲ್ಲ ಅಧಿಕಾರಿಯೊಬ್ಬರು ಕೊಡಬೇಕಿತ್ತು. ನಮ್ಮನ್ನು ಬಲ್ಲವರೆಲ್ಲ ಸಂಬಂಧಿಕರು. ಅಧಿಕಾರಿಗಳೆಲ್ಲ ಅಪರಿಚಿತರು. ಅಪ್ಪ ತನ್ನ ಪರಿಚಯದವರ ಪರಿಚಯ ಹಿಡಿದು ಒಬ್ಬ ಅಧಿಕಾರಿಯ ಮುಂದೆ ನನ್ನನ್ನು ನಿಲ್ಲಿಸಿದ. ಅವರು ವರ್ಗವಾಗಿ ಬಂದು ಹದಿನೈದು ದಿನವಾಗಿತ್ತು.

ಅವರು ಏನೂ ಕೇಳದೆ ಬರೆದರು. ಇವರನ್ನು ನಾನು ಆರು ವರ್ಷಗಳಿಂದ ಬಲ್ಲೆ, ಇವರ ನಡತೆ ಅತ್ಯುತ್ತಮವಾಗಿದೆ. ಸಹಿ ಮಾಡಿದರು. ಸೀಲು ಒತ್ತಿದರು. ಆಮೇಲೆ ಪೆನ್ನು ಎತ್ತಿ, "ಹೆಸರೇನವಾ ನಿಂದು?" ಎಂದರು.

ಹೇಳಿದೆ. ಬರೆದುಕೊಂಡರು. ಕಾಗದವನ್ನು ಕೈಗೆ ಕೊಡುವಾಗ ದನಿ ತಗ್ಗಿಸಿದರು. "ನಿನ್ನ ನಡತಿ ಛಲೋ ಐತಿ ಅಂತ ಬರದೀನಿ. ನನ್ನ ಮ್ಯಾಲ ಒಂದು ಎನ್‌ಕ್ವಾಯರಿ ನಡದೈತಿ. ಯಾರರ ಬಂದು ಕೇಳಿದ್ರ ನೀನೂ ಹಂಗ ಹೇಳು. ಆರು ವರ್ಷದಿಂದ ನೋಡೀವಲ್ಲ ಒಬ್ಬರನ್ನೊಬ್ಬರು."

ಊರಿಂದ ಬಂದವಳು

ಸಂದರ್ಶನಕ್ಕೆ ಅಪ್ಪ ನನ್ನ ಜೊತೆ ಬಂದ. ಕಚೇರಿಗೆ ರಜೆ, ಮೈಮೇಲೆ ಇಸ್ತ್ರಿಯ ಅಂಗಿ, ಬಗಲಲ್ಲಿ ಕಾಗದಗಳ ಫೈಲು. ಕಾರಿಡಾರಿನ ಬೆಂಚುಗಳ ಮೇಲೆ ಮೂವತ್ತಕ್ಕೂ ಹೆಚ್ಚು ಅಭ್ಯರ್ಥಿಗಳು ತುಟಿ ಅಲ್ಲಾಡಿಸುತ್ತ ಕೂತಿದ್ದರು. ಎಲ್ಲರೂ ಒಂದೇ ಉತ್ತರವನ್ನು ಉರು ಹೊಡೆಯುತ್ತಿದ್ದರು. ಡಾಕ್ಟರಾಗಿ ಹಳ್ಳಿಗೆ ಹೋಗಿ ಬಡವರ ಸೇವೆ ಮಾಡುತ್ತೇನೆ. ನನ್ನ ಪಕ್ಕದ ಹುಡುಗ ಹಳ್ಳಿಯನ್ನು ರೈಲಿನ ಕಿಟಕಿಯಿಂದ ಮಾತ್ರ ನೋಡಿದ್ದಾಗಿ ಅವನೇ ಹೇಳಿದ. ನನ್ನದೂ ಅದೇ ಉತ್ತರ ಇತ್ತು. ಬೆಂಚಿನ ಮೇಲೆ ಅಷ್ಟು ಸಲ ಕೇಳಿದ ಮೇಲೆ ಹೇಳಲು ನಾಚಿಕೆಯಾಯಿತು.

ಒಳಗೆ ಮೂವರು ಹಿರಿಯ ಡಾಕ್ಟರರು ಇದ್ದರು. ನಡುವಿನವರು ನನ್ನ ಅರ್ಜಿ ನೋಡಿ, "ಓದು ಮುಗಿಸಿ ನಿಮ್ಮೂರಿಗೆ ವಾಪಸು ಹೋಗುತ್ತೀಯಾ?" ಎಂದು ಇಂಗ್ಲಿಷಿನಲ್ಲಿ ಕೇಳಿದರು.

"ಗೊತ್ತಿಲ್ಲ ಸರ್. ಅಲ್ಲಿ ಎಲ್ಲರಿಗೂ ನಾನು ಚಿಕ್ಕವಳಾಗಿದ್ದಾಗಿನಿಂದ ಗೊತ್ತು. ಹೇಳಿದ ಮಾತ್ರೆ ತಗೊಳ್ಳುವುದಿಲ್ಲ."

ಅವರು ಚಹಾದ ಕಪ್ಪು ಕೆಳಗಿಟ್ಟರು. "ಬೆಳಿಗ್ಗೆಯಿಂದ ಹಳ್ಳಿಗೆ ಹೋಗುವವರೇ ಬರುತ್ತಿದ್ದಾರೆ. ಅಂಥ ಊರಿಂದ ಬಂದವಳು ನೀನೊಬ್ಬಳೇ" ಎಂದರು. ಮೂವರೂ ನಕ್ಕರು. ಅದು ಒಳ್ಳೆಯ ನಗುವೋ ಕೆಟ್ಟ ನಗುವೋ ತಿಳಿಯಲಿಲ್ಲ.

ಹೊರಗೆ ಅಪ್ಪ ನಿಂತೇ ಇದ್ದ. "ಏನು ಕೇಳಿದ್ರು?"

"ಊರ ಬಗ್ಗೆ ಕೇಳಿದ್ರು."

"ಹೇಳಿದೇನು?"

"ಹೇಳಿದೆ."

"ನಕ್ಕಿದ್ದು ಕೇಳಿಸ್ತು."

"ಹೌದು."

ಅಪ್ಪ ಆಚೀಚೆ ನೋಡಿ ಪಿಸುಗುಟ್ಟಿದ. "ಯಾರ ಕಡಿಯಿಂದ ಬಂದೀವಿ ಅಂತ ಕೇಳಲೇ ಇಲ್ಲೇನು? ಅದನ್ನ ಕೇಳ್ದ ಹೆಂಗ ಬಿಟ್ರು?"

ಸ್ಲೀಪರೋ ಎಸಿಯೋ

ಫಲಿತಾಂಶ ಬಂತು. ವೇಟಿಂಗ್ ಲಿಸ್ಟ್, ಒಂಬತ್ತು. ಮುಂದಿನ ಎಂಟು ಜನ ಸೀಟು ಪಡೆದು ಅಥವಾ ಬೇರೆ ಕಡೆ ಹೋಗಿ ಪಟ್ಟಿಯಿಂದ ಇಳಿದರೆ ನನ್ನ ಸರದಿ. ಅಷ್ಟರಲ್ಲಿ ಸೀಟು ತುಂಬಿದರೆ ಮುಗಿಯಿತು.

ಆಗ ಕುಷ್ಟಗಿಗೆ ರೈಲು ಬಂದಿರಲಿಲ್ಲ. ಹತ್ತಬೇಕಾದರೆ ಕೊಪ್ಪಳಕ್ಕೆ ಹೋಗಬೇಕಿತ್ತು. ಆದರೂ ವೇಟಿಂಗ್ ಲಿಸ್ಟ್ ಎಂದ ಕೂಡಲೇ ಊರಿನವರೆಲ್ಲ ಪರಿಣತರಾದರು. ಅಪ್ಪ ಚಹಾ ಕುಡಿಯುವ ಹೋಟೆಲಿನಲ್ಲಿ ಚರ್ಚೆ ನಡೆಯಿತು. ನಾನು ಪಾರ್ಸಲ್ ಮಿರ್ಚಿಗೆ ಕಾಯುತ್ತ ಕೇಳಿಸಿಕೊಂಡೆ.

"ಒಂಬತ್ತೇನ್ರಿ? ಆರಾಮ ಆಗತೈತಿ. ಹೋದ ದೀಪಾವಳಿಗೆ ನಮ್ದು ಇಪ್ಪತ್ತೆರಡಿತ್ತು. ಚಾರ್ಟ್ ಆಗೂದ್ರಾಗ ಕನ್‌ಫರ್ಮ್."

"ನಿಮ್ದು ಯಾವ ಕ್ಲಾಸು?"

"ಸ್ಲೀಪರ್."

"ಅದಕ್ಕ ಆಗೇತಿ. ಎಂಬಿಬಿಎಸ್ ಅಂದ್ರ ಎಸಿ ಲೆಕ್ಕ. ಅಲ್ಲಿ ಸೀಟೂ ಕಡಿಮಿ, ಕ್ಯಾನ್ಸಲ್ ಮಾಡಾವ್ರೂ ಕಡಿಮಿ."

ನಗಬೇಡಿ. ಆ ತಿಂಗಳಲ್ಲಿ ನನ್ನ ಸೀಟಿನ ಬಗ್ಗೆ ಯಾರಾದರೂ ಆಡಿದ ಅತ್ಯಂತ ತರ್ಕಬದ್ಧ ಮಾತು ಇದೇ. ಕಾಲೇಜಿನ ಸಹಾಯವಾಣಿಯವರು ಇದರ ಅರ್ಧದಷ್ಟೂ ಹೇಳಲಿಲ್ಲ.

ಸಂಜೆ ಚಿಗವ್ವ ಮೊಣಕಾಲು ಹಿಡಿದುಕೊಂಡೇ ಬಂದಳು. ಯಾರೋ ಅವಳಿಗೂ ವಿವರಿಸಿದ್ದರು. ನನ್ನ ತಲೆ ಸವರಿ ಹೇಳಿದಳು. "ಪೂರ್ತಿ ಸೀಟು ಕೊಡಲಿಲ್ಲಂದ್ರ ಆರ್‌ಎಸಿ ಕೇಳವಾ. ಇನ್ನೊಬ್ಬರ ಜೋಡಿ ಅರ್ಧಾ ಸೀಟಿನ್ಯಾಗ ಕುಂತು ಓದು. ಐದು ವರ್ಷ ಅಂದ್ರ ಎಷ್ಟರ ಹೊತ್ತು?"

ಹನ್ನೆರಡನೆಯವರು

ಪಟ್ಟಿಯನ್ನು ಹೆಸರು, ಊರು ಸಮೇತ ವೆಬ್‌ಸೈಟಿನಲ್ಲಿ ಹಾಕಿದ್ದರು. ಒಂದು ಭಾನುವಾರ ಬೆಳಿಗ್ಗೆ ಮನೆ ಮುಂದೆ ಕಾರು ನಿಂತಿತು. ಗಂಗಾವತಿಯ ಅಕ್ಕಿ ಗಿರಣಿಯ ಮಾಲೀಕರು, ಅವರ ಮಗಳು, ಒಂದು ಬುಟ್ಟಿ ಹಣ್ಣು. ಗುರುತು ಪರಿಚಯವಿರಲಿಲ್ಲ. ಕೂತು ನೀರು ಕುಡಿದು ಹೇಳಿದರು. "ನಾವು ಹನ್ನೆರಡ್ರಿ."

ಅಪ್ಪನಿಗೆ ತಿಳಿಯಲಿಲ್ಲ. ನನಗೆ ತಿಳಿಯಿತು. ಪಟ್ಟಿಯಲ್ಲಿ ನನ್ನ ಹಿಂದೆ ಮೂರನೆಯವರು.

ಮಾಲೀಕರು ಬಿ.ಎಸ್ಸಿ ಅಗ್ರಿ ಎಂಬ ಕೋರ್ಸನ್ನು ಕಾಲು ಗಂಟೆ ಹೊಗಳಿದರು. ನಾಲ್ಕೇ ವರ್ಷ. ಕೂಡಲೇ ನೌಕರಿ. ರಾತ್ರಿ ಪಾಳಿ ಇಲ್ಲ, ರಕ್ತ ಇಲ್ಲ. "ಮೆಡಿಕಲ್ ಅಂದ್ರ ಹತ್ತು ವರ್ಷ ಜೀವಾ ತೇಯಬೇಕ್ರಿ. ಹೆಣ್ಮಕ್ಕಳಿಗೆ ಭಾಳ ತ್ರಾಸು."

ಅವ್ವ ಅಡುಗೆಮನೆಯಿಂದಲೇ ಕೇಳಿದಳು. "ನಿಮ್ಮದೂ ಹೆಣ್ಮಗಳ ಅಲ್ಲೇನ್ರಿ?"

"ಅಕಿ ಗಟ್ಟಿ ಅದಾಳ್ರಿ."

ಗಟ್ಟಿ ಹುಡುಗಿ ಅಷ್ಟು ಹೊತ್ತು ನೆಲ ನೋಡುತ್ತಿದ್ದಳು. ಚಹಾದ ತಟ್ಟೆ ಒಳಗಿಡುವ ನೆಪದಲ್ಲಿ ನನ್ನ ಹಿಂದೆ ಬಂದು ಕಿವಿಯಲ್ಲಿ ಹೇಳಿದಳು. "ಅಕ್ಕಾ, ಕಾಲಿಗೆ ಬೀಳ್ತೀನಿ, ನೀವು ಬಿಡಬ್ಯಾಡ್ರಿ. ನನಗ ಅಗ್ರಿನ ಬೇಕು."

"ಅಪ್ಪಾರಿಗೆ ಹೇಳು."

"ಹೇಳೀನ್ರಿ. ಅದು ನಿಮಗ ಛಲೋ ಅಂತಾರ, ನನಗಲ್ಲಂತ."

ಪಡಸಾಲೆಯಲ್ಲಿ ಅಪ್ಪ ಬುದ್ಧಿವಂತಿಕೆಯ ಪ್ರಶ್ನೆ ಹಾಕಿದ. "ನಾವು ಬಿಟ್ರೂ ನಡುವ ಹತ್ತು, ಹನ್ನೊಂದು ಅದಾರಲ್ರಿ?"

"ಇಬ್ಬರಿಗೂ ಫೋನ್ ಹಚ್ಚೀನ್ರಿ. ಹಿಂದಿ ಮಂದಿ. ನಾ ಅಂದಿದ್ದು ಅವ್ರಿಗೆ ತಿಳೀಲಿಲ್ಲ, ಅವ್ರು ಬೈದಿದ್ದು ನನಗ ತಿಳೀಲಿಲ್ಲ. ನೀವರ ನಮ್ಮ ಜಿಲ್ಲಾದವ್ರು. ವಿಚಾರ ಮಾಡ್ರಿ."

ಕಾರು ಓಣಿ ದಾಟುವವರೆಗೂ ಎಲ್ಲರೂ ಬಾಗಿಲಲ್ಲಿ ನಿಂತಿದ್ದೆವು. ಇಷ್ಟು ನಾಚಿಕೆ ಬಿಟ್ಟ ಜನ ಇರುತ್ತಾರೆಯೇ ಎಂದು ನಾನು ಹೇಳಬೇಕೆನ್ನುವಷ್ಟರಲ್ಲಿ ಅವ್ವ ಅಪ್ಪನ ಕಡೆ ತಿರುಗಿದಳು.

"ಎಂಟನೇದವ್ರು ಯಾವ ಊರವ್ರಂತ?"

"ನೋಡೀನಿ" ಎಂದ ಅಪ್ಪ. "ಭುವನೇಶ್ವರ. ಹೋಗಾಕ ಎರಡು ದಿನ ಬೇಕು."

ಚೀಟಿ

ಪಟ್ಟಿ ಸರಿಯಿತು. ಏಳಾಯಿತು, ನಾಲ್ಕಾಯಿತು. ಆಮೇಲೆ ಎಂಟು ದಿನ ಅಲ್ಲಾಡಲಿಲ್ಲ. ಒಂಬತ್ತನೇ ದಿನ ಮಾಳಿಗೆಯ ಮೇಲೆ ಬಟ್ಟೆ ಹಿಂಡಿ ಹಾಕುತ್ತಿದ್ದಾಗ ಇಮೇಲ್ ಬಂತು. ಸೀಟು ಕೊಡಲಾಗಿದೆ, ವಾರದೊಳಗೆ ಹಾಜರಾಗಬೇಕು. ಅಪ್ಪನ ಕಚೇರಿಗೆ ಫೋನ್ ಮಾಡಿ ಓದಿದೆ. ಅಪ್ಪ ಇನ್ನೊಮ್ಮೆ ಓದು ಎಂದ. ಮತ್ತೊಮ್ಮೆ ಓದು ಎಂದ. ಮೂರನೇ ಸಲ ಹಿಂದಿನಿಂದ ಚಪ್ಪಾಳೆ ಕೇಳಿಸಿತು, ಸ್ಪೀಕರ್ ಹಾಕಿದ್ದ. ಆ ಮಧ್ಯಾಹ್ನ ನಾನು ಅಲಾರಂ ಇಡದೆ ಮಲಗಿದೆ. ಎರಡು ವರ್ಷದಲ್ಲಿ ಮೊದಲ ಸಲ.

ಎದ್ದಾಗ ಪಡಸಾಲೆ ತುಂಬಿತ್ತು. ಸೀಟು ಕೊಡಿಸಿದವರು ಬಂದಿದ್ದರು. ಒಬ್ಬರಲ್ಲ, ಮೂವರು.

ಮೊದಲನೆಯವರು ಪಂಚಾಯ್ತಿಯ ಮಾಜಿ ಸದಸ್ಯರು. ದೊಡ್ಡ ನಾಯಕರೊಬ್ಬರ ಕಾರಿನ ಹಿಂದಿನ ಕಾರಿನಲ್ಲಿ ಓಡಾಡುವವರು. ಎರಡನೆಯವನು ಕಾಕಾ. ಅವನ ಹಳೆಯ ವಿದ್ಯಾರ್ಥಿಯ ಷಡ್ಡಕ ಆ ಕಾಲೇಜಿನ ಊರಿನಲ್ಲಿ ಡಾಕ್ಟರೊಬ್ಬರ ಕಾರು ಓಡಿಸುತ್ತಾನೆ. ಮೂರನೆಯವರು ಯಲಬುರ್ಗಾದ ದೂರದ ಬೀಗರು. ಅವರ ಸಂಪರ್ಕ ಎಂಥದೆಂದು ಅವರು ಹೇಳಲಿಲ್ಲ. ಹೇಳುವಂಥದಲ್ಲ ಎಂದರು.

"ಒಂಬತ್ತು ಇದ್ದಿದ್ದು ಏಳಕ್ಕ ಬಂತಲ್ಲ, ಅದು ನಾ ಹೇಳಿದ ಮ್ಯಾಲ" ಎಂದರು ಮಾಜಿ ಸದಸ್ಯರು.

"ಏಳರಿಂದ ನಾಕಕ್ಕ ತಂದಾವ ನಾ" ಎಂದ ಕಾಕಾ.

"ನಾಕಕ್ಕ ತಂದು ನಿಲ್ಲಿಸಿ ಕುಂತಿದ್ರಿ. ಎಂಟು ದಿನ ಗಾಡಿ ಕೆಟ್ಟಿತ್ತು. ಅಲ್ಲಿಂದ ದಬ್ಬಿದಾವ್ರು ಯಾರು?" ಎಂದರು ಬೀಗರು.

ಮಾತು ಬೆಳೆಯಿತು. ಮಾಜಿ ಸದಸ್ಯರು ಎದ್ದು ನಿಂತರು. "ನಾನೇನು ಬಾಯಿಮಾತಿಲೆ ಹೇಳಿಲ್ಲ. ಅರ್ಜಿ ನಂಬರ್ ಸಮೇತ ಮ್ಯಾಲಿನವ್ರಿಗೆ ಮುಟ್ಟಿಸೀನಿ. ನೋಡ್ರಿ!" ಜೇಬಿನಿಂದ ಒಂದು ಚೀಟಿ ತೆಗೆದರು.

"ನಂಬರ್ ನನ್ನ ಹತ್ರ ಇಲ್ಲೇನು?" ಕಾಕಾನೂ ತೆಗೆದ. ಬೀಗರದು ಮೊಬೈಲಿನ ಕವರಿನ ಹಿಂದೆ ಇತ್ತು.

ವೇಟಿಂಗ್ ಲಿಸ್ಟ್ ಬಂದ ದಿನವೇ ಅಪ್ಪ ನಂಬರ್ ಬರೆದು ಹಂಚಿದ್ದನಂತೆ. ನನಗೆ ಗೊತ್ತಾದದ್ದು ಆಗಲೇ. ಮಗಳು ಮನೆಯಲ್ಲಿರಲಿಲ್ಲ, ಮನೆಯ ಕಾಗದಗಳೆಲ್ಲ ಇರುವ ಚೀಲದಿಂದ ತಾನೇ ಹುಡುಕಿ ನಕಲು ಮಾಡಿಕೊಂಡೆ ಎಂದು ಅಪ್ಪ ಹೆಮ್ಮೆಯಿಂದ ಹೇಳಿದ. ಮೂರೂ ಚೀಟಿಗಳನ್ನು ಟೀಪಾಯಿಯ ಮೇಲೆ ಸಾಲಾಗಿ ಇಟ್ಟರು. ಒಂದೇ ಅಕ್ಷರ, ಒಂದೇ ನಂಬರು. ಹತ್ತು ಅಂಕಿ, ಗುಮಾಸ್ತನ ದುಂಡು ಬರಹ, ಕೆಳಗೆ ಎರಡು ಗೆರೆ.

ನಾನು ಬಗ್ಗಿ ನೋಡಿದೆ. ಅದು ನನಗೆ ಬಾಯಿಪಾಠ. ಪ್ರತಿ ತಿಂಗಳು ಫೋನಿನಲ್ಲಿ ಒತ್ತುತ್ತಿದ್ದವಳು ನಾನೇ.

"ನೋಡಿದೇನವಾ?" ಎಂದರು ಮಾಜಿ ಸದಸ್ಯರು. "ಈ ನಂಬರಿಗೆ ಎಲ್ಲೆಲ್ಲಿಂದ ಫೋನ್ ಹೋಗ್ಯಾವ ಗೊತ್ತೈತೇನು?"

"ಭಾಳ ಉಪಕಾರ ಆತ್ರಿ" ಎಂದೆ. ಮೂವರ ಕಾಲಿಗೂ ನಮಸ್ಕಾರ ಮಾಡಿದೆ. ಅವ್ವ ಮತ್ತೊಮ್ಮೆ ಚಹಾ ತಂದಳು.

ಅದು ನಮ್ಮ ಮನೆಯ ಲೈಟ್ ಬಿಲ್ಲಿನ ನಂಬರು.